ರಾಗಿ ಇದೆ, ಉಪ್ಪು?

ಬೆಂಗಳೂರಿನ ಕೆಲಸ ಬಿಟ್ಟು ಹೊಸದುರ್ಗದ ಕಡೆಯ ನಮ್ಮೂರಿಗೆ ಬಂದು ರಾಗಿ, ನೀರು ಕೂಡಿಡ್ತಾ ಕೂತಾಗಿನಿಂದ ಯಾರೇ ಸಿಗಲಿ, ಕೇಳೋದು ಒಂದೇ. “ಏನಪ್ಪಾ, ಲೋಕ ಮುಳುಗುತ್ತೆ ಅಂತ ತಯಾರಿಯಾ? ಕರೆಂಟು, ಪೆಟ್ರೋಲು, ಅಂಗಡಿ ಎಲ್ಲಾ ನಿಂತರೆ ನೀನೊಬ್ಬ ಉಳ್ಕೊತೀಯಾ? ಇದ್ರಿಂದ ಪ್ರಯೋಜನ ಇದೆಯಾ?”

ಒಂದೆರಡು ಕೆಟ್ಟ ವರ್ಷ ದಾಟೋಕೆ ಖಂಡಿತಾ ಇದೆ. ಲೋಕ ಮುಳುಗೋ ದಿನಕ್ಕೆ ಅಂತ ಹೊರಟರೆ ದುಡ್ಡು ದಂಡ. ನಾನು ಮಾಡಿ ನೋಡಿಯೇ ಹೇಳ್ತಿರೋದು.

ಒಂದಾಳಿಗೆ ದಿನಕ್ಕೆ 400 ಗ್ರಾಂ ರಾಗಿ ಅಂತ ಹಿಡಿದರೆ ನಾಲ್ಕು ಜನಕ್ಕೆ ವರ್ಷಕ್ಕೆ ಆರು ಕ್ವಿಂಟಾಲ್ ಹತ್ತಿರ ಬೇಕು. ಮಳೆ ಕೈಕೊಡದಿದ್ದರೆ ಒಂದೆಕರೆ ಹೊಲ ಅಷ್ಟು ಕೊಡುತ್ತೆ. ಜೋಳ ಇಟ್ಟು ನುಸಿಗೆ ಹಾಕಿದ್ದೂ ಆಯ್ತು. ರಾಗಿಗೆ ಆ ಕಾಟ ಕಮ್ಮಿ, ಕಾಳು ಅಷ್ಟು ಸಣ್ಣದು.

ಹಿತ್ತಲಲ್ಲಿ ತಾತನ ಕಾಲದ ಹಗೇವು, ಅಂದ್ರೆ ಕಾಳು ಕೂಡಿಡೋ ನೆಲದೊಳಗಿನ ಗುಂಡಿ, ಮುಚ್ಚಿಹೋಗಿತ್ತು. ತೆಗೆಸಿ, ಒಳಗೋಡೆಗೆ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದೆ. ವರ್ಷ ಬಿಟ್ಟು ತೆರೆದ ದಿನ ಏಣಿ ಹಾಕಿ ಇಳಿಯೋಕೆ ಹೊರಟಿದ್ದೆ. ಪಕ್ಕದ ಮನೆ ಅಜ್ಜ “ಏಯ್ ತಮ್ಮಾ, ನಿಲ್ಲು!” ಅಂತ ಕೂಗಿದರು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ಆಳುದ್ದ ಹೋಗೋದರೊಳಗೆ ದೀಪ ಆರಿತು. ಮುಚ್ಚಿಟ್ಟ ಕಾಳೂ ಉಸಿರಾಡುತ್ತೆ. ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಅಡಿಯಲ್ಲೇ ಕೂತಿರುತ್ತೆ. ಹುಳ ಸಾಯೋದೂ ಅದರಿಂದಲೇ, ಅವಸರಕ್ಕೆ ಇಳಿದ ಮನುಷ್ಯ ಸಾಯೋದೂ ಅದರಿಂದಲೇ. ಮಾರನೇ ದಿನ ಗಾಳಿಯಾಡಿದ ಮೇಲೆ ಇಳಿದೆ. ದೀಪ ಉರಿದರೂ ಪೂರ್ತಿ ನಂಬಬೇಡ ಅಂತ ಅಜ್ಜ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಮಗನನ್ನೂ ಕರೆದು ಮೇಲೆ ಹಿಡಿದು ನಿಂತರು.

ಒಬ್ಬನೇ ಉಳಿಯೋಕೆ ಅಂತ ಕೂಡಿಟ್ಟ ರಾಗಿ ತೆಗೆಯೋಕೇ ಮೂವರು!

ಮಿಕ್ಕಿದ್ದೂ ಅಷ್ಟೇ. ಬೋರಿನ ಮೋಟಾರು ಸುಟ್ಟರೆ ಕಾಯಿಲ್ ಸುತ್ತಿಸೋಕೆ ಪೇಟೆಗೇ ಹೋಗಬೇಕು. ಸೋಲಾರ್ ಬ್ಯಾಟರಿ ನಾನು ಮಾಡಿದ್ದಲ್ಲ. ಉಪ್ಪು ಸಾಣಿಕಟ್ಟೆಯಿಂದಲೋ ಗುಜರಾತಿನಿಂದಲೋ ಬರಬೇಕು. ಉಪ್ಪಿಲ್ಲದ ಸಾರಲ್ಲಿ ಮುದ್ದೆ ಎಷ್ಟು ದಿನ ನುಂಗ್ತೀರಿ?

ಚಿತ್ರದುರ್ಗದ ಕೋಟೆಗಿಂತ ದೊಡ್ಡ ತಯಾರಿ ಯಾರು ಮಾಡಿಯಾರು? ಏಳು ಸುತ್ತು, ಕಣಜ, ಎಣ್ಣೆ ಕೊಳ, ಬೆಟ್ಟದ ಮಳೆನೀರು ಒಂದು ಹೊಂಡ ತುಂಬಿ ಮುಂದಿನದಕ್ಕೆ ಹರಿಯೋ ಏರ್ಪಾಡು. ಆದರೂ 1779ರಲ್ಲಿ ಹೈದರಾಲಿ ಪಾಲಾಯಿತು. ನಾಯಕರ ಆಳ್ವಿಕೆ ಮುಗಿಯಿತು, ಕೆಳಗಿನ ಊರಿಗೆ ಹೊಂಡದ ನೀರು ಮಾತ್ರ ಉಳಿಯಿತು.

ಇನ್ನು ಲೋಕ ಮುಳುಗೋದು ನಮ್ಮ ಬಯಲುಸೀಮೆಗೆ ಹೊಸದೇನಲ್ಲ. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಹೋದರು. ಮಳೆ ಒಂದು ಸಲ ಕೈಕೊಟ್ಟಿದ್ದರೆ ಹೇಗೋ ತಡ್ಕೊಂಡಿರೋರು, ಮೇಲಿಂದ ಮೇಲೆ ಕೊಟ್ಟಿತು. ಅದಕ್ಕೇ ನನ್ನ ಲೆಕ್ಕ ಎರಡು ವರ್ಷದ್ದು: ಎರಡು ವರ್ಷದ ರಾಗಿ, ಬೇರೆಯಾಗಿ ಕಟ್ಟಿಟ್ಟ ಬಿತ್ತನೆ ಬೀಜ, ಮಳೆನೀರಿಗೆ ಒಂದು ತೊಟ್ಟಿ. ಅದಕ್ಕಿಂತ ಹೆಚ್ಚು ಕೂಡಿಡೋ ದುಡ್ಡಿದ್ದರೆ ಊರ ಕೆರೆಯ ಹೂಳು ತೆಗೆಸೋಕೆ ಕೊಡ್ತೀನಿ.

ನೋಡಬೇಕಿದ್ದರೆ ಯುಗಾದಿ ಕಳೆದ ಮೇಲೆ ಬನ್ನಿ, ಹಗೇವು ತೆಗೀತೀವಿ. ಹಗ್ಗ ಹಿಡಿಯೋಕೆ ಆಳು ಬೇಕು. ಬರ್ತಾ ಎರಡು ಪಾಕೀಟು ಉಪ್ಪು ತನ್ನಿ.