ಅಥೆನ್ಸ್‌ನ ಗೂಬೆ, ಕೊರಿಂಥ್‌ನ ರೆಕ್ಕೆ ಕುದುರೆ

ಗ್ರೀಸ್‌ನ ರಾಜಧಾನಿ ಅಥೆನ್ಸ್‌ನ ಹಳೆಯ ಬಡಾವಣೆ ಪ್ಲಾಕಾದ ಬೀದಿಗಳಲ್ಲಿ ಬೆಳ್ಳಿ ಅಂಗಡಿಗಳಿಗೆ ಲೆಕ್ಕವಿಲ್ಲ. ಗಾಜಿನ ಹಿಂದೆ ಸಾಲುಸಾಲಾಗಿ ನಾಣ್ಯದ ಪೆಂಡೆಂಟ್‌ಗಳು, ಉಂಗುರಗಳು, ಓಲೆಗಳು. ಒಂದರಲ್ಲಿ ಗೂಬೆ, ಇನ್ನೊಂದರಲ್ಲಿ ಸಿಂಹದ ಚರ್ಮ ಹೊದ್ದ ಗ್ರೀಕ್ ವೀರ ಹೆರಾಕ್ಲೀಸ್, ಮತ್ತೊಂದರಲ್ಲಿ ರೆಕ್ಕೆಯ ಕುದುರೆ. ಇವನ್ನು ಕೊಳ್ಳುವ ಮುಂಚೆ ಅಸಲಿ ನಾಣ್ಯಗಳನ್ನು ಒಮ್ಮೆ ಕಣ್ತುಂಬ ನೋಡಿಬಿಡಿ ಅನ್ನುವುದು ನನ್ನ ಸಲಹೆ. ಅಣ್ಣ, ಅತ್ತಿಗೆ, ನಾನು ಹಾಗೇ ಮಾಡಿದೆವು. ಆಮೇಲೆ ಅಂಗಡಿಗಳು ನಮಗೆ ಬೇರೆಯಾಗಿಯೇ ಕಂಡವು.

ಸಿಂಟಗ್ಮಾ ಚೌಕದಿಂದ ಪನೆಪಿಸ್ಟಿಮಿಯು ರಸ್ತೆಯಲ್ಲಿ ಸ್ವಲ್ಪ ನಡೆದರೆ ನಾಣ್ಯ ಮ್ಯೂಸಿಯಂ ಸಿಗುತ್ತದೆ. ಟ್ರಾಯ್ ಮತ್ತು ಮೈಸಿನಿ ಎಂಬ ಪುರಾತನ ನಗರಗಳಲ್ಲಿ ಅಗೆತ ನಡೆಸಿದ ಹೈನ್‌ರಿಖ್ ಶ್ಲೀಮನ್ ವಾಸವಿದ್ದ ಮನೆ ಅದು. ಅರ್ನ್‌ಸ್ಟ್ ಜಿಲ್ಲರ್ ಎಂಬ ವಾಸ್ತುಶಿಲ್ಪಿ 1878ರಿಂದ 1880ರ ನಡುವೆ ಕಟ್ಟಿದ್ದು. ನೆಲದ ತುಂಬ ಮೊಸಾಯಿಕ್, ಚಾವಣಿಯಲ್ಲಿ ಬಣ್ಣದ ಚಿತ್ರಗಳು. ಟ್ರಾಯ್‌ನಲ್ಲಿ ಸಿಕ್ಕ ಚಿನ್ನದ ಒಡವೆಗಳನ್ನು ಶ್ಲೀಮನ್ ತನ್ನ ಹೆಂಡತಿ ಸೋಫಿಯಾಗೆ ತೊಡಿಸಿ ಫೋಟೋ ತೆಗೆಸಿದ್ದ. ಗ್ರೀಕ್ ಕಥೆಯಲ್ಲಿ ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿ ಹೆಲೆನ್‌ಳ ಒಡವೆ ಅಂತ ಜಗತ್ತಿಗೆಲ್ಲ ಸಾರಿದ. ಅವು ಟ್ರಾಯ್ ಯುದ್ಧ ನಡೆಯಿತು ಎನ್ನುವ ಕಾಲಕ್ಕಿಂತ ಸಾವಿರ ವರ್ಷದಷ್ಟು ಹಳೆಯವು ಅಂತ ಆಮೇಲೆ ಗೊತ್ತಾಯಿತು. ಕಥೆಯನ್ನು ಮೈಮೇಲೆ ಧರಿಸುವ ಆಸೆ ಇವತ್ತಿನದಲ್ಲ ನೋಡಿ.

ಒಳಗೆ ನಾನು ಜಾಸ್ತಿ ಹೊತ್ತು ನಿಂತದ್ದು ಗೂಬೆಯ ಮುಂದೆ. ಅಥೆನ್ಸ್‌ನ ನಾಲ್ಕು ಡ್ರಾಕ್ಮಾ (ಆ ಕಾಲದ ಗ್ರೀಕ್ ಹಣ) ನಾಣ್ಯ, ತೂಕ ಸುಮಾರು 17.2 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದೂವರೆ ತೊಲ ಬೆಳ್ಳಿ. ಒಂದು ಕಡೆ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಬಾದಾಮಿಯ ಹಾಗೆ ನಮ್ಮ ಕಡೆಗೇ ತೆರೆದಿದೆ. ಇನ್ನೊಂದು ಕಡೆ ಗೂಬೆ. ಮೈ ಬಲಕ್ಕೆ, ಮುಖ ನಮ್ಮತ್ತ. ಅದರ ಬೆನ್ನ ಹಿಂದೆ ಎರಡೆಲೆಯ ಆಲಿವ್ ಚಿಗುರು, ಪಕ್ಕದಲ್ಲಿ ಉಗುರಿನಷ್ಟೂ ಇಲ್ಲದ ಚಂದ್ರ, ಮುಂದೆ ಊರಿನ ಹೆಸರಿನ ಮೂರು ಅಕ್ಷರ. ಈ ಬೆಳ್ಳಿ ಬಂದದ್ದು ಅಥೆನ್ಸ್‌ನ ದಕ್ಷಿಣಕ್ಕಿರುವ ಲಾವ್ರಿಯೋ ಗಣಿಗಳಿಂದ. ಅಲ್ಲಿ ಸಿಕ್ಕ ಬೆಳ್ಳಿಯನ್ನು ಜನರಿಗೆ ಹಂಚುವ ಬದಲು ಯುದ್ಧದ ಹಡಗು ಕಟ್ಟೋಣ ಅಂತ ಅಥೆನ್ಸ್‌ನ ನಾಯಕ ಥೆಮಿಸ್ಟೊಕ್ಲೀಸ್ ಊರವರನ್ನು ಒಪ್ಪಿಸಿದ. ಕ್ರಿ.ಪೂ. 480ರಲ್ಲಿ ಸಲಾಮಿಸ್‌ನ ಕಡಲ ಕಾಳಗದಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಆ ಹಡಗುಗಳಿಂದಲೇ.

ಯಾವ ನಾಣ್ಯವೂ ನೆಟ್ಟಗೆ ದುಂಡಗಿಲ್ಲ. ಒಂದರಲ್ಲಿ ಅಥೀನಾಳ ಶಿರಸ್ತ್ರಾಣದ ತುರಾಯಿ ಅಂಚಿನಾಚೆ ಹೋಗಿದೆ. ಇನ್ನೊಂದರಲ್ಲಿ ಗೂಬೆಯ ಕಾಲೇ ಅರ್ಧ. ಅಡಿಗಲ್ಲಿನಲ್ಲಿ ಕೂರಿಸಿದ ಒಂದು ಅಚ್ಚು, ಮೇಲಿನಿಂದ ಹಿಡಿದ ಇನ್ನೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ. ಮೇಲೆ ಸುತ್ತಿಗೆಯ ಏಟು. ಕೈ ಸ್ವಲ್ಪ ಆಚೀಚೆ ಆದರೆ ಚಿತ್ರವೂ ಆಚೀಚೆ. ಏಟಿನ ರಭಸಕ್ಕೆ ಅಂಚು ಅಲ್ಲಲ್ಲಿ ಸೀಳಿದೆ. ಆ ಸೀಳಿನಲ್ಲೇ ನನಗೆ ಆ ನಾಣ್ಯದ ಜೀವ ಕಂಡಿತು. ಇದೇ ಗೂಬೆ ಈಗ ಗ್ರೀಸ್‌ನ ಒಂದು ಯೂರೋ ನಾಣ್ಯದ ಮೇಲಿದೆ. ಅದು ಯಂತ್ರದಲ್ಲಿ ಅಚ್ಚಾದದ್ದು, ಚೊಕ್ಕವಾಗಿದೆ. ಆದರೆ ಮ್ಯೂಸಿಯಂನ ಗೂಬೆ ನೋಡಿದ ಮೇಲೆ ಸಪ್ಪೆ ಅನ್ನಿಸುತ್ತದೆ.

ಸಂಜೆ ಪ್ಲಾಕಾದ ಆಡ್ರಿಯಾನು ಬೀದಿಯ ಒಂದು ಸಣ್ಣ ಅಂಗಡಿಗೆ ಹೊಕ್ಕೆವು. ಅತ್ತಿಗೆ ಬೆಳ್ಳಿ ಬಂಗಾರದ ವಿಷಯದಲ್ಲಿ ಬಹಳ ಗಟ್ಟಿ. ತೂಕ ಎಷ್ಟು, ಮಜೂರಿ ಎಷ್ಟು, ಬೆಳ್ಳಿಯ ಶುದ್ಧತೆ ತೋರಿಸುವ 925 ಗುರುತು ಎಲ್ಲಿದೆ, ಎಲ್ಲ ಕೇಳಿದರು. ನಾನು ಗೂಬೆಯ ಪೆಂಡೆಂಟ್ ಎತ್ತಿಕೊಟ್ಟೆ.

“ಅಯ್ಯೋ, ಗೂಬೆನ ಯಾರಾದ್ರೂ ಕೊರಳಿಗೆ ಹಾಕ್ಕೋತಾರಾ?” ಅಂದರು.

“ಇಲ್ಲಿ ಅದು ಅಥೀನಾ ದೇವಿಯ ಹಕ್ಕಿ ಅತ್ತಿಗೆ. ಬುದ್ಧಿಗೆ ಗುರುತು.”

“ಇಲ್ಲಿಗೆ ಸರಿ ಕಣಪ್ಪ. ಊರಲ್ಲಿ ಅತ್ತೆ ನೋಡಿದ್ರೆ ಏನಂತಾರೆ ಹೇಳು!”

ಅಂಗಡಿಯ ಹಿರಿಯರು ನಮ್ಮ ಮಾತಿನ ಧಾಟಿಯಲ್ಲೇ ವಿಷಯ ತಿಳಿದುಕೊಂಡು ನಕ್ಕರು. ಆಮೇಲೆ ಕೊರಿಂಥ್ ಎಂಬ ಇನ್ನೊಂದು ಪುರಾತನ ಗ್ರೀಕ್ ನಗರದ ನಾಣ್ಯದ ಎರಡು ನಕಲುಗಳನ್ನು ಕಪ್ಪು ಬಟ್ಟೆಯ ಮೇಲಿಟ್ಟರು. ಮೊದಲನೆಯದು ಅಚ್ಚುಕಟ್ಟು ದುಂಡು. ರೆಕ್ಕೆಯ ಕುದುರೆ ಪೆಗಸಸ್ ನಟ್ಟನಡುವೆ, ಹಿಂಭಾಗಕ್ಕೆ ಹೊಳೆಯುವ ತಗಡು. ಎರಡನೆಯದರ ಅಂಚು ಸೊಟ್ಟ, ಕುದುರೆ ಸ್ವಲ್ಪ ಎಡಕ್ಕೆ ಸರಿದಿದೆ. ಎರಡಕ್ಕೂ ಮೇಣದ ಅಚ್ಚು ಕರಗಿಸಿ ಎರಕ ಹೊಯ್ಯುವ ವಿಧಾನವೇ. ಆದರೆ ಎರಡನೆಯದಕ್ಕೆ ಹಳೆಯ ನಾಣ್ಯದ ಸೊಟ್ಟತನವನ್ನು ಹಾಗೇ ಉಳಿಸಿಕೊಂಡಿದ್ದರು. ಕಟ್ಟು ಬರೀ ಸುತ್ತಲೂ ಇತ್ತು. ಹಿಂದೆ ಮುಚ್ಚಿರಲಿಲ್ಲ. ತಿರುಗಿಸಿದರೆ ಕೊರಿಂಥ್ ಶೈಲಿಯ ಶಿರಸ್ತ್ರಾಣ ತೊಟ್ಟ ಅಥೀನಾ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ರೀಸ್‌ನಿಂದ ಅನುಮತಿಯಿಲ್ಲದೆ ಪುರಾತನ ವಸ್ತು ಹೊರಗೆ ತರುವುದು ಅಪರಾಧ. ಬೀದಿಯಲ್ಲಿ ಯಾರಾದರೂ ಪಿಸುಮಾತಿನಲ್ಲಿ “ಇದು ಅಸಲಿ” ಅಂದರೆ ಅಲ್ಲಿಂದ ಹೊರಡಿ. ಒಳ್ಳೆಯ ಅಂಗಡಿಯವರು ಇದು ನಕಲು ಅಂತ ಹೆಮ್ಮೆಯಿಂದಲೇ ಹೇಳುತ್ತಾರೆ.

ಅವತ್ತು ಕೊಳ್ಳಲಿಲ್ಲ. ಅತ್ತಿಗೆಗೆ ಮೊದಲನೆಯದರ ಮೇಲೆ ಮನಸ್ಸು, ನನಗೆ ಎರಡನೆಯದರ ಮೇಲೆ. ಮರುದಿನ ಹಳೆಯ ದೇಗುಲಗಳಿರುವ ಅಕ್ರೊಪೊಲಿಸ್ ಗುಡ್ಡದ ದಕ್ಷಿಣ ತಪ್ಪಲಿನ ಇಲಿಯಾಸ್ ಲಲಾವುನಿಸ್ ಆಭರಣ ಮ್ಯೂಸಿಯಂಗೆ ಹೋದೆವು. ಹಳೆಯ ಗ್ರೀಕ್ ಒಡವೆಗಳನ್ನು ನೋಡಿ ಹೊಸದನ್ನು ಮಾಡುವ ಕೆಲಸಕ್ಕೆ ಹೆಸರಾದ ಅಕ್ಕಸಾಲಿಗ ಅವರು. ಸಾಸಿವೆಗಿಂತ ಸಣ್ಣ ಚಿನ್ನದ ಕಾಳುಗಳನ್ನು ಒಂದೊಂದಾಗಿ ಕೂರಿಸುವ ಕೆಲಸದ ಮುಂದೆ ಅತ್ತಿಗೆ ಮಾತೇ ಆಡಲಿಲ್ಲ. ಆಮೇಲೆ ಅವರಿಗೆ ಅಜ್ಜಿಯ ಕಾಸಿನ ಸರ ನೆನಪಾಯಿತು. ಆಗ ನಾನು ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ವಿಷಯ ಹೇಳಿದೆ. ಅಲ್ಲಿ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಬೈಜಾಂಟಿಯಂ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ಸಿಕ್ಕಿವೆ. ದಾರ ಪೋಣಿಸಲು ತೂತು ಕೊರೆದಂಥ ನಾಣ್ಯಗಳೂ ಅದರಲ್ಲಿವೆ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಮುಖ ನಮ್ಮ ಕಡೆಯ ಯಾರದೋ ಕೊರಳಿಗೆ ಬಿದ್ದಿರಬೇಕು ಅಲ್ವಾ!

ಅಣ್ಣನಿಗೆ ಕೊರಿಂಥ್ ನೋಡುವ ಆಸೆಯಿತ್ತು. ಅಥೆನ್ಸ್‌ನಿಂದ ಸುಮಾರು 80 ಕಿಲೋಮೀಟರ್, ಬಸ್ಸಿನಲ್ಲಿ ಹೊರಟೆವು. ಹಳೆಯ ಕೊರಿಂಥ್‌ನಲ್ಲಿ ಅಪೊಲೊ ದೇವಸ್ಥಾನದ ಏಳು ಕಂಬಗಳು ಇನ್ನೂ ನಿಂತಿವೆ, ಹಿಂದೆ ಅಕ್ರೊಕೊರಿಂಥ್ ಬೆಟ್ಟ. ಎಲ್ಲರೂ ಅಲ್ಲೇ ಫೋಟೋ ತೆಗೆದುಕೊಳ್ಳುತ್ತಾರೆ. ನನಗೆ ಬೇಕಾಗಿದ್ದದ್ದು ಅದರ ಕೆಳಗಿನ ಪಿರೀನೆ ಚಿಲುಮೆ. ಕಲ್ಲಿನ ಕಮಾನುಗಳು, ಒಳಗೆ ಕತ್ತಲೆ, ತಣ್ಣನೆಯ ಗಾಳಿ. ಪೆಗಸಸ್ ಪಿರೀನೆಯ ನೀರು ಕುಡಿಯುತ್ತಿದ್ದಾಗ ಬೆಲ್ಲೆರೊಫೋನ್ ಎಂಬ ವೀರ ಅದನ್ನು ಹಿಡಿದ ಅಂತ ಕಥೆ. ಬರಿಗೈಲಿ ಅಲ್ಲ. ಅದನ್ನು ಹಿಡಿಯಲಾಗದೆ ಸೋತು ಮಲಗಿದವನಿಗೆ ಕನಸಿನಲ್ಲಿ ಅಥೀನಾ ಬಂದು ಚಿನ್ನದ ಕಡಿವಾಣ ಕೊಟ್ಟಳು. ಎದ್ದಾಗ ಅದು ಪಕ್ಕದಲ್ಲೇ ಇತ್ತು.

ಚಿಲುಮೆಯ ಮುಂದೆ ಈ ಕಥೆ ಹೇಳುತ್ತಿದ್ದಾಗ ಅತ್ತಿಗೆ ನಡುವೆಯೇ ತಡೆದರು. “ಹಾಗಾದ್ರೆ ನಾಣ್ಯದ ಹಿಂದೆ ಇರೋ ಅಥೀನಾ ಸುಮ್ನೆ ಅಲ್ಲ. ಕುದುರೆ ಒಂದು ಕಡೆ, ಕಡಿವಾಣ ಕೊಟ್ಟವಳು ಇನ್ನೊಂದು ಕಡೆ!” ನಾನು ಹೇಳಬೇಕೆಂದಿದ್ದನ್ನು ಅವರೇ ಹೇಳಿಬಿಟ್ಟರು. ಎರಡೂ ಮುಖ ಸೇರಿ ಒಂದು ಕಥೆ. ಹಿಂದೆ ತಗಡು ಬಡಿದರೆ ಅರ್ಧ ಕಥೆಯೇ ಮುಚ್ಚಿಹೋಗುತ್ತದೆ. ಮುಂದುಗಡೆ ಬರೀ ಒಂದು ಚೆಂದದ ಕುದುರೆ ಉಳಿಯುತ್ತದೆ.

ಅಥೆನ್ಸ್‌ಗೆ ವಾಪಸಾದವರೇ ಅದೇ ಅಂಗಡಿಗೆ ಹೋದೆವು. ಅತ್ತಿಗೆ ಭೂತಗನ್ನಡಿ ಕೇಳಿ ಪಡೆದು ಸೊಟ್ಟ ಅಂಚಿನ ಪೆಂಡೆಂಟನ್ನು ಪರೀಕ್ಷಿಸಿದರು. ಕುದುರೆಯ ಹೊಟ್ಟೆಯ ಕೆಳಗೆ ಒಂದು ವೃತ್ತ, ಅದಕ್ಕೊಂದು ಕಡ್ಡಿಯಂತಹ ಗೆರೆ. ಅದು ಕೊಪ್ಪಾ ಅನ್ನುವ ಅಕ್ಷರ, ಕೊರಿಂಥ್‌ನ ಹೆಸರಿನ ಮೊದಲಕ್ಷರ ಅಂತ ಹಿರಿಯರು ತೋರಿಸಿದರು. ಗ್ರೀಕ್ ವರ್ಣಮಾಲೆಯಿಂದ ಆ ಅಕ್ಷರ ಬಿಟ್ಟುಹೋದ ಮೇಲೂ ಕೊರಿಂಥ್‌ನವರು ನಾಣ್ಯದ ಮೇಲೆ ಅದನ್ನು ಬಿಡಲಿಲ್ಲವಂತೆ. ದುಂಡಗಿನ ಪೆಂಡೆಂಟ್‌ನಲ್ಲಿ ಆ ಅಕ್ಷರವೇ ಇರಲಿಲ್ಲ. ಮಾಡಿದವರು ಅದನ್ನು ಕಲೆ ಅಂದುಕೊಂಡು ಒರೆಸಿಹಾಕಿದ್ದರೋ ಏನೋ.

“ಇದನ್ನೇ ಕೊಡಿ” ಅಂದರು ಅತ್ತಿಗೆ. ಮಜೂರಿಯ ಚೌಕಾಸಿ ಮಾತ್ರ ಇನ್ನೂ ಬಾಕಿಯಿತ್ತು. ಅಣ್ಣ ಅಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂತ.