ಗೆದ್ದವರು ಮನೆಗೆ, ಸೋತವರು ಟೂರ್ನಿಗೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಎಲ್ಲರೂ ಡ್ಯೂಕ್, ಕೆಂಟಕಿ ಅನ್ನುತ್ತಾರೆ. ನನಗೆ ಮಾತ್ರ ನಾರ್ತ್‌ಈಸ್ಟ್ ಕಾನ್ಫರೆನ್ಸ್‌ನಂಥ ಸಣ್ಣ ಕಾಲೇಜುಗಳ ಗುಂಪುಗಳ ಬಗ್ಗೆ ಬರೆಯೋದೇ ಖುಷಿ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು, ನಗು ತಾನಾಗಿಯೇ ಬರುತ್ತದೆ.

2023ರ ಫೇರ್ಲಿ ಡಿಕಿನ್ಸನ್ ತಂಡವನ್ನೇ ನೋಡಿ. ನ್ಯೂಜೆರ್ಸಿಯ ಈ ಹುಡುಗರು ಕಾನ್ಫರೆನ್ಸ್ ಫೈನಲ್‌ನಲ್ಲಿ ಮೆರಿಮ್ಯಾಕ್ ಎದುರು ಒಂದೇ ಪಾಯಿಂಟಿನಿಂದ ಸೋತರು. ಆದರೆ ಮೆರಿಮ್ಯಾಕ್ ಕೆಳಗಿನ ಡಿವಿಷನ್‌ನಿಂದ ಮೇಲೆ ಬರುತ್ತಿದ್ದ ಕಾಲೇಜು, ನಿಯಮದ ಪ್ರಕಾರ ಎನ್‌ಸಿಎಎ ಟೂರ್ನಿಗೆ, ಅಂದರೆ ಕಾನ್ಫರೆನ್ಸ್ ಗೆದ್ದವರು ಹೋಗುವ ರಾಷ್ಟ್ರಮಟ್ಟದ ಕೂಟಕ್ಕೆ, ಹೋಗುವ ಹಾಗಿರಲಿಲ್ಲ, ಹಾಗಾಗಿ ಸೋತವರಿಗೇ ಟಿಕೆಟ್! ಅಲ್ಲಿ ಹೋಗಿ ಏನು ಮಾಡಿದರು? ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲೇ ಅತಿ ಕುಳ್ಳ ತಂಡ ಅನ್ನಿಸಿಕೊಂಡವರು, 7 ಅಡಿ 4 ಇಂಚಿನ ಜ್ಯಾಕ್ ಈಡಿ ಇದ್ದ ಪರ್ಡ್ಯೂವನ್ನು 63-58ರಿಂದ ಸೋಲಿಸಿದರು. ಪುರುಷರ ಟೂರ್ನಿಯಲ್ಲಿ 16ನೇ ಸೀಡ್ (ಶ್ರೇಯಾಂಕದಲ್ಲಿ ತೀರಾ ಕೆಳಗಿನ ತಂಡ) ಒಂದನೇ ಸೀಡನ್ನು (ತೀರಾ ಮೇಲಿನದನ್ನು) ಮಣಿಸಿದ್ದು ಅದು ಎರಡನೇ ಸಲ ಅಷ್ಟೇ.

ಸುಮ್ನೆ ಇಷ್ಟೇ ಬರೆದರೆ ಅರ್ಧ ಸತ್ಯ. ನವೆಂಬರ್ ಬಂತೆಂದರೆ ಇಂಥ ಕಾಲೇಜುಗಳು ದೊಡ್ಡ ಕಾಲೇಜುಗಳು ಕೊಡುವ ದುಡ್ಡಿಗಾಗಿಯೇ ಅವರ ಅಂಗಳಕ್ಕೆ ಹೋಗಿ, ಚೆನ್ನಾಗಿ ಏಟು ತಿಂದು, ಚೆಕ್ ಜೇಬಿಗಿಟ್ಟುಕೊಂಡು ವಾಪಸ್ ಬರುತ್ತವೆ. ಯಾವನಾದರೂ ಹುಡುಗ ಸ್ವಲ್ಪ ಜಾಸ್ತಿ ಮಿಂಚಿದರೆ ದೊಡ್ಡ ಕಾಲೇಜು ಎಗರಿಸಿಕೊಂಡು ಹೋಗುತ್ತದೆ. ಕೋಚ್ ಕೂಡ ಅಷ್ಟೇ. ಫೇರ್ಲಿ ಡಿಕಿನ್ಸನ್ ಕೋಚ್ ಟೋಬಿನ್ ಆಂಡರ್ಸನ್ ಪರ್ಡ್ಯೂ ಎದುರಿನ ಆ ಗೆಲುವಾದ ಕೆಲವೇ ದಿನಗಳಲ್ಲಿ ಹೊರಟರು, ಅದೂ ಎಲ್ಲಿಗೆ, ಇನ್ನೊಂದು ಸಣ್ಣ ಕಾನ್ಫರೆನ್ಸ್‌ನ ಅಯೋನಾ ಕಾಲೇಜಿಗೆ. ಬೈಯೋಕೂ ಮನಸ್ಸು ಬರುವುದಿಲ್ಲ, ಆಫರ್ ಲೆಟರ್ ಬಂದಾಗ ನಾವೂ ಇದನ್ನೇ ಮಾಡಿದ್ದಲ್ವಾ?