ಭಾನುವಾರದ ಪಾಠ ಸೋಮವಾರಕ್ಕೆ ಆಗ್ತದಾ?

"ಪ್ರತಿ ಭಾನುವಾರ ಇಗರ್ಜಿಗೆ ಹೋಗ್ತೀರಿ, ಸಂಜೆ ಮನೆಯಲ್ಲಿ ಪ್ರಾರ್ಥನೆ ಮಾಡ್ತೀರಿ. ಅದೆಲ್ಲ ಸರಿ ಮಾರಾಯ್ರೆ. ಆದರೆ ಬೈಬಲ್ ಓದಿ ದಿನದ ಬದುಕಿಗೆ ಏನು ಸಿಗ್ತದೆ? ಒಳ್ಳೆಯವರಾಗಿ ಅಂತ ಎಲ್ಲ ಧರ್ಮದಲ್ಲೂ ಉಂಟಲ್ಲ?"

ಈ ಪ್ರಶ್ನೆಯನ್ನು ನನಗೆ ನೆರೆಯ ಭಟ್ಟರು ಕೇಳಿದ್ದಾರೆ, ಪೇಟೆಯ ಬ್ಯಾರಿ ಮುಸ್ಲಿಂ ಗೆಳೆಯರು ಕೇಳಿದ್ದಾರೆ, ನಮ್ಮ ಇಗರ್ಜಿಯ ಹುಡುಗ ಹುಡುಗಿಯರೂ ಕೇಳುತ್ತಾರೆ. ಸುಮ್ನೆ ಕಾಲೆಳೆಯಲು ಕೇಳುವುದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳುತ್ತಾರೆ. ಹಾಗಾಗಿ ಉತ್ತರವನ್ನು ಒಮ್ಮೆ ಕೂತು ಬರೆಯೋಣ ಅನ್ನಿಸಿತು.

ನಮ್ಮದು ಕಾಸರಗೋಡು. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಚೇರಿಗೆ ಹೋದರೆ ಮಲಯಾಳ. 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಸೇರಿತು. ಆದರೆ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿಯ ಇಗರ್ಜಿಗಳು ಇವತ್ತಿಗೂ ಮಂಗಳೂರು ಧರ್ಮಪ್ರಾಂತದಲ್ಲೇ ಇವೆ. ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ಅಷ್ಟು ಕಾಲದಿಂದ ನಾವು ಎಲ್ಲ ಜಾತಿ ಧರ್ಮದವರ ನಡುವೆಯೇ ಬದುಕುತ್ತಿದ್ದೇವೆ. ನಾನು ಎಷ್ಟು ಜಪ ಮಾಡುತ್ತೇನೆ ಎಂಬುದು ನೆರೆಯವರಿಗೆ ಕಾಣುವುದಿಲ್ಲ. ಕೆಲಸದವರಿಗೆ ಸಂಬಳ ಕೊಟ್ಟೆನಾ, ನೀರಿನ ವಿಷಯದಲ್ಲಿ ಹೇಗೆ ನಡೆದುಕೊಂಡೆ, ಅಣ್ಣತಮ್ಮಂದಿರ ಜೊತೆ ಮಾತು ಉಳಿಸಿಕೊಂಡಿದ್ದೇನಾ, ಇದು ಕಾಣುತ್ತದೆ. ಉತ್ತರವೂ ಅಲ್ಲಿಂದಲೇ ಬರಬೇಕು.

ಒಳ್ಳೆಯ ಮಾತು ಎಲ್ಲ ಧರ್ಮದಲ್ಲೂ ಇದೆ, ಒಪ್ಪುತ್ತೇನೆ. ಅದರಲ್ಲಿ ಪೈಪೋಟಿ ಇಲ್ಲ. ನನಗೆ ಬೈಬಲ್‌ನಿಂದ ಸಿಕ್ಕಿದ್ದು ಇನ್ನೊಂದು. ಅದು ಒಳ್ಳೆಯದನ್ನು ಮಾಡು ಎಂದು ಹೇಳಿ ಬಿಡುವುದಿಲ್ಲ, ಯಾವಾಗ ಎಂದೂ ಹೇಳುತ್ತದೆ. ಹೆಚ್ಚಾಗಿ ಆ ಸಮಯ ಇವತ್ತೇ ಆಗಿರುತ್ತದೆ.

ಸಂಬಳದ ವಿಷಯವನ್ನೇ ತೆಗೆದುಕೊಳ್ಳಿ. ಬೈಬಲ್‌ನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಕೂಲಿಯಾಳಿನ ಕೂಲಿ ಮಾರನೆಯ ಬೆಳಗ್ಗಿನವರೆಗೆ ನಿನ್ನ ಹತ್ತಿರ ಇರಬಾರದು. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಬಿಗಿ. ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಆ ದುಡ್ಡಿನ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ನಿನ್ನ ಸ್ವಂತ ಜನರಿಗೆ ಮಾತ್ರ ಅಲ್ಲ, ನಿನ್ನ ಊರಲ್ಲಿರುವ ಪರದೇಶಿಗೂ ಇದೇ ನಿಯಮ ಎಂದು ಸೇರಿಸುತ್ತದೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ದೋಷ ನಿನ್ನ ಮೇಲೆ ಬರುತ್ತದೆ.

ಇದನ್ನು ನಮ್ಮ ಅಡಿಕೆ ತೋಟದಲ್ಲಿ ನಿಂತು ಓದಿ ನೋಡಿ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕು, ಅಂದರೆ ಸಿಂಪಡಿಸಬೇಕು. ಮೈಲುತುತ್ತು, ಸುಣ್ಣ, ನೀರು, ಒಂದು ದೊಡ್ಡ ಪಂಪು. ಮರ ಹತ್ತುವವರ ಮೈಯೆಲ್ಲ ನೀಲಿ. ಕಾಲು ಜಾರಿದರೆ ಜೀವ ಹೋಗುವ ಕೆಲಸ. ಈಗೀಗ ತೋಟಕ್ಕೆ ಬಂಗಾಳ, ಒಡಿಶಾ, ಜಾರ್ಖಂಡಿನ ಹುಡುಗರು ಬರುತ್ತಾರೆ. ಕೇರಳ ಸರಕಾರ ಅವರನ್ನು ಅತಿಥಿ ಕಾರ್ಮಿಕರು ಎಂದು ಕರೆಯುತ್ತದೆ. ಅತಿಥಿಗೆ, "ಅಡಿಕೆಗೆ ರೇಟು ಬರಲಿ, ಮಾರಿದ ಮೇಲೆ ಕೊಡ್ತೇನೆ" ಅಂದರೆ ಏನು ಅರ್ಥ? ಅವನ ಕೈಯಲ್ಲಿ ಅಡಿಕೆಯೂ ಇಲ್ಲ, ರೇಟೂ ಇಲ್ಲ. ನನ್ನ ಕಷ್ಟವನ್ನು ನನಗಿಂತ ಕಷ್ಟದಲ್ಲಿರುವವನ ತಲೆಗೆ ಹೊರಿಸಿದ ಹಾಗೆ. ಸೊಸೈಟಿಯಲ್ಲಿ ಸಾಲ ಮಾಡಿಯಾದರೂ ಸಂಜೆ ಸಂಬಳ ಕೊಡುವ ಹಿರಿಯರು ನಮ್ಮ ಕಡೆ ಇದ್ದರು, ಈಗಲೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಬೈಬಲ್ ಮುಟ್ಟಿದವರಲ್ಲ. ಅವರನ್ನು ನೋಡಿದಾಗ ನನಗೆ ಆ ವಾಕ್ಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಜ್ಞಾನೋಕ್ತಿಗಳ 3ನೇ ಅಧ್ಯಾಯದಲ್ಲೂ ಇದೇ ಮಾತು. ಕೊಡಬೇಕಾದದ್ದು ನಿನ್ನ ಹತ್ತಿರ ಇರುವಾಗ ನೆರೆಯವನಿಗೆ, ಹೋಗಿ ನಾಳೆ ಬಾ ಎನ್ನಬೇಡ. ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ದೆವ್ವ ಒಳಗೆ ಬರದ ಹಾಗೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವಕ್ಕೆ ಹೇಳುವ ಮಾತನ್ನು ದುಡಿದವನಿಗೆ ಹೇಳಬಾರದು.

ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳಿದ ದ್ರಾಕ್ಷಿತೋಟದ ಕಥೆ ನಿಮಗೆ ಗೊತ್ತಿರಬಹುದು. ಬೆಳಗ್ಗೆ ಬಂದವರಿಗೂ ಸಂಜೆ ಕೊನೆಯ ಗಂಟೆಗೆ ಬಂದವರಿಗೂ ಧಣಿ ಒಂದೇ ದಿನದ ಕೂಲಿ ಕೊಡುತ್ತಾನೆ. ಇದು ಅನ್ಯಾಯ ಅಲ್ವಾ ಎಂದು ಜಾಸ್ತಿ ಜನ ಕೇಳುತ್ತಾರೆ. ಕೊನೆಗೆ ಬಂದವರು ಸೋಮಾರಿಗಳಲ್ಲ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ, ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಕೆಲಸ ಸಿಗದ ದಿನವೂ ಮನೆಯಲ್ಲಿ ಅನ್ನ ಬೇಯಬೇಕು. ಧಣಿ ಆ ಅನ್ನದ ಲೆಕ್ಕ ಹಾಕಿದ. ಪೇಟೆಯ ಬದಿಯಲ್ಲಿ ಬೆಳಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಕಾಯುವವರನ್ನು ನೋಡಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೀರು. ನಮ್ಮ ಕಡೆ ಸುರಂಗಗಳು ಇವೆ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಮುರಕಲ್ಲಿನ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಬಗ್ಗಿ ಹೋಗುವಷ್ಟು ಜಾಗ. ಒಳಗೆ ದೀಪ ಮಂಕಾದರೆ ಗಾಳಿ ಇಲ್ಲವೆಂದು ತಿಳಿದು ಹೊರಗೆ ಬರಬೇಕು. ಒರತೆ ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಈಗ ಪಕ್ಕದಲ್ಲಿ ಬೋರ್‌ವೆಲ್ ಕೊರೆದರೆ ಸುರಂಗ ಒಣಗಬಹುದು. ಅಲ್ಲಿಂದ ಜಗಳ ಶುರು. ನೀರಿನ ಜಗಳ ಒಮ್ಮೆ ಕೋರ್ಟಿಗೆ ಹೋದರೆ ಮೊಮ್ಮಕ್ಕಳವರೆಗೂ ಮುಗಿಯುವುದಿಲ್ಲ.

ಆದಿಕಾಂಡದ 26ನೇ ಅಧ್ಯಾಯದಲ್ಲಿ ಬಾವಿ ಜಗಳದ ಕಥೆಯೇ ಉಂಟು. ಅಬ್ರಹಾಮ ತೋಡಿಸಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಮಗ ಇಸಾಕ ಮತ್ತೆ ತೋಡಿಸುತ್ತಾನೆ. ಒರತೆ ಸಿಕ್ಕಿದ ಕೂಡಲೇ ಗೆರಾರ್ ಎಂಬ ಊರಿನ ಕುರುಬರು ಬಂದು ನೀರು ನಮ್ಮದು ಎನ್ನುತ್ತಾರೆ. ಇಸಾಕ ಬಿಟ್ಟು ಮುಂದೆ ಹೋಗಿ ಇನ್ನೊಂದು ತೋಡಿಸುತ್ತಾನೆ. ಅದಕ್ಕೂ ಜಗಳ. ಅದನ್ನೂ ಬಿಡುತ್ತಾನೆ. ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಆಮೇಲೆ ಅವನನ್ನು ಊರಿನಿಂದ ಕಳಿಸಿದ ರಾಜನೇ ಬಂದು ಒಪ್ಪಂದ ಕೇಳುತ್ತಾನೆ. ಇಸಾಕ ಊಟ ಹಾಕಿ ಕಳಿಸುತ್ತಾನೆ. ಅದೇ ದಿನ ಆಳುಗಳು ಬಂದು, ಇನ್ನೊಂದು ಬಾವಿಯಲ್ಲಿ ನೀರು ಸಿಕ್ಕಿತು ಎನ್ನುತ್ತಾರೆ.

ಇಸಾಕ ಹೆದರಿ ಓಡಿದ ಎಂದು ನನಗನ್ನಿಸುವುದಿಲ್ಲ. ಅವನಿಗೆ ತೋಡುವ ಕೆಲಸ ಗೊತ್ತಿತ್ತು. ಇನ್ನೊಂದು ತೋಡಬಲ್ಲೆ ಎಂಬ ಧೈರ್ಯ ಇದ್ದವನಿಗೆ ಒಂದನ್ನು ಬಿಟ್ಟುಕೊಡುವುದು ಸಾಧ್ಯ. ಗಡಿಯ ಕಲ್ಲು, ತೋಡಿನ ನೀರು, ಓಣಿಯ ಅಗಲ, ಇಂತಹ ತಕರಾರು ಬಂದಾಗಲೆಲ್ಲ ಇದು ನನ್ನ ಮನಸ್ಸಿಗೆ ಬರುತ್ತದೆ. ನಾನು ಮುಂದೆ ಹೋಗಿ ತೋಡಬಲ್ಲೆನಾ? ಆಗುವುದಾದರೆ ಬಿಡುವುದೇ ಒಳ್ಳೆಯದು.

ಆದರೆ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಎಲ್ಲವನ್ನೂ ಬಿಟ್ಟುಕೊಡಿ ಎಂದು ಬೈಬಲ್ ಹೇಳುವುದಿಲ್ಲ. ನಾಬೋತನ ಕಥೆಯೂ ಅದರಲ್ಲೇ ಇದೆ. ಅರಮನೆಯ ಪಕ್ಕದ ಅವನ ದ್ರಾಕ್ಷಿತೋಟ ರಾಜ ಅಹಾಬನಿಗೆ ಬೇಕಿತ್ತು, ತರಕಾರಿ ಬೆಳೆಯಲು. ಪಿತ್ರಾರ್ಜಿತ ಭೂಮಿ ಕೊಡಲಾರೆ ಎಂದ ನಾಬೋತ. ಸುಳ್ಳು ಸಾಕ್ಷಿ ಹಾಕಿಸಿ ಕೊಲ್ಲಿಸಿದರು. ಆಗ ಪ್ರವಾದಿ ಎಲೀಯ ಬಂದು ಎದುರೇ ನಿಂತು ರಾಜನನ್ನು ಪ್ರಶ್ನಿಸಿದ. ದೇವರು ನಾಬೋತನಿಗೆ, ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತಲ್ಲ ಎನ್ನಲಿಲ್ಲ. ಸಮಾನರ ನಡುವಿನ ಜಗಳ ಬೇರೆ, ದೊಡ್ಡವರು ಸಣ್ಣವರದ್ದು ಕಿತ್ತುಕೊಳ್ಳುವುದು ಬೇರೆ. ಈ ವ್ಯತ್ಯಾಸ ಬಿಟ್ಟು ಬರೀ ತಾಳ್ಮೆ ಬೋಧಿಸಿದರೆ ಅದು ಬಡವರಿಗೆ ಮಾಡುವ ಮೋಸ.

ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ಜಿಲ್ಲೆಯವರಿಗೆ ಇದನ್ನು ಬೇರೆಯಾಗಿ ಹೇಳಬೇಕಾ? 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ಎಣ್ಮಕಜೆ, ಪಡ್ರೆ ಕಡೆ ಮಕ್ಕಳು ವೈಕಲ್ಯದೊಂದಿಗೆ ಹುಟ್ಟಿದಾಗ, ಮೊದಮೊದಲು ದೈವದ ಶಾಪ ಎಂದು ನಂಬಿದವರೂ ಇದ್ದರು. ಪಾಪ, ಆ ತಾಯಂದಿರು ಮಗುವಿನ ನೋವಿನ ಜೊತೆಗೆ ಆ ಮಾತನ್ನೂ ಹೊತ್ತರು. ಕ್ರೈಸ್ತರಲ್ಲೂ ಕಾಯಿಲೆ ಕಂಡ ಕೂಡಲೇ ಪಾಪದ ಫಲ ಎನ್ನುವವರಿದ್ದಾರೆ. ಯೋವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಶಿಷ್ಯರು ಯೇಸುವನ್ನು ಕೇಳುವುದೂ ಅದನ್ನೇ. ಇವನು ಹುಟ್ಟು ಕುರುಡ, ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿಯಾ? ಯೇಸು ಹೇಳಿದ್ದು, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ. ನನಗೆ ಇಡೀ ಬೈಬಲ್‌ನಲ್ಲಿ ಬಹಳ ಪ್ರೀತಿಯ ಮಾತುಗಳಲ್ಲಿ ಇದೂ ಒಂದು. ಹಾಗೆ ಹೇಳಿ ಯೇಸು ಸುಮ್ಮನಾಗಲಿಲ್ಲ. ಹಗಲಿರುವಾಗಲೇ ಕೆಲಸ ಮಾಡಬೇಕು ಎಂದು ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದ.

2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದಿತು. 2022ರಲ್ಲಿ ಅದೇ ವಿಷಯಕ್ಕೆ ಸರಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಹೊತ್ತು ಮುಳುಗುವ ಮೊದಲು ಕೊಡು ಎಂಬ ಹಳೆಯ ಮಾತು ತೋಟದ ಧಣಿಗೆ ಮಾತ್ರ ಹೇಳಿದ್ದಲ್ಲ. ನೊಂದ ತಾಯಿಯನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಎಲ್ಲರಿಗೂ ಅದು ಅನ್ವಯ. ಹಕ್ಕಿಗಾಗಿ ಧರಣಿ ಕೂತವರ ಪಕ್ಕದಲ್ಲಿ ಹೋಗಿ ಕೂರುವುದೂ ನನ್ನ ಲೆಕ್ಕದಲ್ಲಿ ಪ್ರಾರ್ಥನೆಯೇ.

ಮನೆಯೊಳಗಿನ ವಿಷಯಕ್ಕೆ ಬರುತ್ತೇನೆ. ಪಾಲು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಒಂದೇ ಇಗರ್ಜಿಯಲ್ಲಿ ಬೇರೆ ಬೇರೆ ಬದಿಯ ಬೆಂಚಿನಲ್ಲಿ ಕೂರುವುದನ್ನು ಎಲ್ಲರೂ ನೋಡಿದ್ದೇವೆ. ಲೂಕನ ಶುಭಸಂದೇಶದಲ್ಲಿ ಒಬ್ಬ ಯೇಸುವಿನ ಹತ್ತಿರ ಬಂದು, ನನ್ನ ಅಣ್ಣನಿಗೆ ಪಾಲು ಕೊಡಲು ಹೇಳಿ ಎನ್ನುತ್ತಾನೆ. ನನ್ನನ್ನು ನಿಮಗೆ ಪಾಲು ಮಾಡುವವನನ್ನಾಗಿ ಇಟ್ಟವರು ಯಾರು ಎಂದು ಯೇಸು ಕೇಳುತ್ತಾನೆ. ಆಮೇಲೆ ದುರಾಸೆಯ ಬಗ್ಗೆ ಎಚ್ಚರಿಸುತ್ತಾನೆ. ಪಾಲಿನ ಲೆಕ್ಕ ವಕೀಲರು, ಸರ್ವೆಯವರು ಮಾಡಲಿ. ಆದರೆ ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕೆಲಸವನ್ನು ವಕೀಲರು ಮಾಡಲಾರರು. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಡು. ಮೊದಲು ಹೋಗಿ ಒಂದಾಗು. ಆಮೇಲೆ ಬಂದು ಅರ್ಪಿಸು.

ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ. ಅಂದರೆ ತಪ್ಪು ಯಾರದ್ದು ಎಂದು ತೀರ್ಮಾನ ಆಗುವವರೆಗೆ ಕಾಯುವ ಹಾಗಿಲ್ಲ, ಹೆಜ್ಜೆ ನಾನೇ ಮೊದಲು ಇಡಬೇಕು. ನಮ್ಮ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈ ಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ ಇದೆ. ಹಗಲು ಬೈಗುಳ ತಿಂದ ಹುಡುಗನೂ ಕೇಳಬೇಕು, ಬೈದ ಅಪ್ಪನೂ ತಲೆ ಮುಟ್ಟಿ ಹರಸಬೇಕು. ಸಿಟ್ಟಿನಲ್ಲೇ ಹೊತ್ತು ಮುಳುಗದಿರಲಿ ಎಂದು ಸಂತ ಪೌಲ ಬರೆದದ್ದು ಹೀಗೆ ಪದ್ಧತಿಯಾಗಿ ಉಳಿದಿದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬಿಟ್ಟ ಮದ್ದೇ ಮದ್ದು, ಮನಸ್ತಾಪಕ್ಕೂ ಹಾಗೆಯೇ. ಟಿವಿ, ಮೊಬೈಲ್ ಬಂದ ಮೇಲೆ ಈ ಪದ್ಧತಿ ಕಡಿಮೆಯಾಗುತ್ತಿರುವುದು ನನಗೆ ನಿಜವಾಗಿ ಬೇಸರ ತರುತ್ತದೆ.

ನಾಳಿನ ಚಿಂತೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಳೆಗೆ ಚಿಂತಿಸಬೇಡಿ ಎಂದು ಯೇಸು ಹೇಳಿದ್ದು ಎಲ್ಲರಿಗೂ ಗೊತ್ತು. ಉಳಿತಾಯ ಬೇಡ ಎಂದು ಅದರ ಅರ್ಥವಲ್ಲ, ಇರುವೆಯನ್ನು ನೋಡಿ ಕಲಿ ಎಂದೂ ಬೈಬಲ್ ಹೇಳುತ್ತದೆ. ಅಡಿಕೆ ರೇಟು ನಾನು ಚಿಂತಿಸಿದ್ದರಿಂದ ಏರುವುದಿಲ್ಲ. ಇವತ್ತಿನ ಅನ್ನ ಇವತ್ತು ಕೊಡು ಎಂದು ಪ್ರಾರ್ಥಿಸುವಾಗ ನನಗೆ ಅಷ್ಟು ಸಾಕು.

ಇನ್ನೊಂದು ಪ್ರಶ್ನೆ ಯಾವಾಗಲೂ ಇದರ ಬೆನ್ನಿಗೇ ಬರುತ್ತದೆ. "ನಾನು ಕ್ರೈಸ್ತ ಅಲ್ಲ. ಸುಮ್ನೆ ಓದಿ ನೋಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?" ಮೊದಲ ಪುಟದಿಂದ ಶುರು ಮಾಡಬೇಡಿ, ವಂಶಾವಳಿ ಬಂದಾಗ ನಿಲ್ಲಿಸಿಬಿಡುತ್ತೀರಿ. ರೂತಳ ಪುಸ್ತಕ ಓದಿ. ನಾಲ್ಕೇ ಅಧ್ಯಾಯ. ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ದು ಉಳಿದ ತೆನೆ, ಆಯುವ ಪರದೇಶದ ಸೊಸೆ, ಅತ್ತೆ, ಕೊಯ್ಲಿನ ಕೆಲಸದವರು, ಎಲ್ಲ ನಮಗೆ ಪರಿಚಯದ ಲೋಕವೇ. ಆಮೇಲೆ ಮತ್ತಾಯನ 5ರಿಂದ 7ರವರೆಗಿನ ಅಧ್ಯಾಯ. ಅದಾದ ಮೇಲೆ ಯಾಕೋಬನ ಪತ್ರ. ಐದು ಅಧ್ಯಾಯ, ಒಂದೇ ಸಲ ಕೂತರೆ ಮುಗಿಯುತ್ತದೆ. ಬಟ್ಟೆಯಿಲ್ಲದವನಿಗೆ, ಊಟವಿಲ್ಲದವನಿಗೆ, ಸುಖವಾಗಿ ಹೋಗು ಎಂದು ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಕೇಳುವುದು ಅವನೇ. ಓದುವಾಗ ಏನಾದರೂ ಸರಿ ಅನ್ನಿಸದಿದ್ದರೆ ಬನ್ನಿ, ಕೂತು ಮಾತಾಡೋಣ. ನಾನು ಓದಿದ್ದೂ ಹಾಗೆಯೇ, ಬೇರೆಯವರ ಜೊತೆ ಕೂತು.